ಪಡದಲ್ಲಿ ಕೊರತೆ, ಪೀಪಾಯಿಯಲ್ಲಿ ಹೊರೆ

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ಹೊಸ ಕುಡಿ ಹೊರಟ ಮೇಲೆ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಸೀಮೆಯ ಕೆಲವು ದ್ರಾಕ್ಷಿ ಪಡಗಳಲ್ಲಿ ಎಳೆ ಎಲೆ ಹಳದಿ ಬೀಳುತ್ತದೆ. ನರಗಳು ಹಸಿರಾಗಿಯೇ ಉಳಿದು, ಅವುಗಳ ನಡುವಿನ ಭಾಗ ನಿಂಬೆ ಬಣ್ಣಕ್ಕೆ ತಿರುಗಿರುತ್ತದೆ. ಕಂಡ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ‘ಕಬ್ಬಿಣ ಕಮ್ಮಿ ಬಿದ್ದೈತಿ’ ಎನ್ನುತ್ತಾನೆ, ಗೊಬ್ಬರದಂಗಡಿಯಿಂದ ಫೆರಸ್ ಸಲ್ಫೇಟ್ ತರುತ್ತಾನೆ. ಅದೇ ಸೀಮೆಯ ದ್ರಾಕ್ಷಿ ವೈನರಿಗೆ ಹೋಯಿತೆನ್ನಿ. ಅಲ್ಲಿ ತೊಟ್ಟಿ ನೋಡಿಕೊಳ್ಳುವವನ ಚಿಂತೆ ತಿರುವುಮುರುವು. ಒಂದು ಲೀಟರ್ ವೈನಿನಲ್ಲಿ ಕಬ್ಬಿಣ ಹತ್ತು ಮಿಲಿಗ್ರಾಂ ಸಮೀಪಿಸಿತೆಂದರೆ ತಿಳಿಯಾದ ವೈನ್ ಮಬ್ಬಾಗಬಹುದು, ಕೆಂಪು ವೈನಿಗೆ ನೀಲಿಗಪ್ಪು ಛಾಯೆ ಹತ್ತಬಹುದು, ರುಚಿ ಬೇಗ ಕೆಡಬಹುದು. ಒಂದೇ ಧಾತು, ಒಂದೇ ಹಣ್ಣು. ಬಳ್ಳಿಯಲ್ಲಿ ಸಾಲದು, ಪೀಪಾಯಿಯಲ್ಲಿ ಬೇಡ.

ಎರಡೂ ಕಡೆ ನಾವು ಕೇಳುವ ಪ್ರಶ್ನೆ ಮಾತ್ರ ಒಂದೇ: ಕಬ್ಬಿಣ ಎಷ್ಟಿದೆ? ಈ ಪ್ರಶ್ನೆ ಅರ್ಧ ಮಾತ್ರ ಸರಿ ಎಂಬುದು ಈ ಲೇಖನದ ವಾದ. ಉಳಿದರ್ಧ, ಅದು ಯಾವ ರೂಪದಲ್ಲಿದೆ ಎಂಬುದು. ಎಷ್ಟಿದೆ ಎಂಬುದನ್ನು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ದುಬಾರಿ ಯಂತ್ರ ಹೇಳಬಲ್ಲದು. ಯಾವ ರೂಪದಲ್ಲಿದೆ ಎಂಬುದನ್ನು ಪಡದ ಪಕ್ಕದಲ್ಲಿ, ತೊಟ್ಟಿಯ ಪಕ್ಕದಲ್ಲಿ, ಅಂದಂದೇ ನೋಡಬೇಕು. ಅದಕ್ಕೆ ಬೇಕಾದದ್ದು ವಿಜಯಪುರದ ಪದವಿ ಕಾಲೇಜುಗಳ ರಸಾಯನಶಾಸ್ತ್ರ ಪ್ರಯೋಗಾಲಯಕ್ಕೆ ಹೊಸದೇನಲ್ಲ: ಒಂದು ಕಲರಿಮೀಟರ್, ಕೆಲವು ಬಾಟಲಿ ರಾಸಾಯನಿಕ, ಕೈ ನಡುಗದೆ ಪಿಪೆಟ್ ಹಿಡಿಯುವ ಒಬ್ಬ ವಿದ್ಯಾರ್ಥಿ. ಬಣ್ಣ ಬರಿಸಿ ಅಳೆಯುವ ಈ ವಿಧಾನವನ್ನು ‘ಅದೇನು, ಕಾಲೇಜಿನ ಪ್ರಾಕ್ಟಿಕಲ್’ ಎಂದು ತಳ್ಳಿಹಾಕುವ ರೂಢಿ ನಮ್ಮಲ್ಲಿದೆ. ಆ ರೂಢಿಯಿಂದ ಬೆಳೆಗಾರನ ದುಡ್ಡೂ ಹೋಗುತ್ತಿದೆ, ವಿದ್ಯಾರ್ಥಿಯ ಕಲಿಕೆಯೂ ಹೋಗುತ್ತಿದೆ.

ಮೊದಲು ಮಣ್ಣಿನ ಕಡೆಯಿಂದ ನೋಡೋಣ. ವಿಜಯಪುರದ ಎರಿ ಭೂಮಿ ಹುಟ್ಟಿದ್ದು ದಖ್ಖನ್ನಿನ ಬಸಾಲ್ಟ್ ಕಲ್ಲಿನಿಂದ. ಬಸಾಲ್ಟ್ ಕಬ್ಬಿಣಕ್ಕೆ ಬಡವನಲ್ಲ. ಒಂದು ಎಕರೆಯ ಮೇಲಿನ ಆರು ಇಂಚು ಮಣ್ಣು ಸುಮಾರು 850 ಟನ್ ತೂಗುತ್ತದೆ. ಅದರಲ್ಲಿ ಕಬ್ಬಿಣ ನೂರಕ್ಕೆ 5 ಪಾಲು ಎಂದು ಹಿಡಿದರೂ 40 ಟನ್ ದಾಟುತ್ತದೆ. ಹೀಗಿದ್ದೂ ಎಲೆ ಹಳದಿ ಬೀಳುವುದು ಹೇಗೆ? ಈ ಮಣ್ಣಿನಲ್ಲಿ ಸುಣ್ಣ ಹೆಚ್ಚು, ಪಿಎಚ್ ಬಹಳ ಕಡೆ ಎಂಟರ ಮೇಲೆ. ಬೋರ್‌ವೆಲ್ಲಿನ ಗಡಸು ನೀರು ಬೈಕಾರ್ಬನೇಟನ್ನೂ ತಂದು ಸುರಿಯುತ್ತದೆ. ಇಂಥ ಕ್ಷಾರ ಮಣ್ಣಿನಲ್ಲಿ ಕಬ್ಬಿಣ ತುಕ್ಕಿನ ರೂಪದಲ್ಲಿ, ಅಂದರೆ ನೀರಿನಲ್ಲಿ ಕರಗದ ಫೆರಿಕ್ ರೂಪದಲ್ಲಿ ಕೂತುಬಿಡುತ್ತದೆ. ಬೇರಿಗೆ ಸಿಗುವಷ್ಟನ್ನು ಅಂದಾಜು ಮಾಡಲು ಮಣ್ಣು ವಿಜ್ಞಾನಿಗಳು ಡಿಟಿಪಿಎ ಎಂಬ ದ್ರಾವಣದಲ್ಲಿ ಮಣ್ಣನ್ನು ಅಲುಗಿಸಿ ಹೊರಬಂದ ಕಬ್ಬಿಣವನ್ನು ಅಳೆಯುತ್ತಾರೆ. ಕೆಜಿ ಮಣ್ಣಿಗೆ 4.5 ಮಿಲಿಗ್ರಾಮಿಗಿಂತ ಕಡಿಮೆ ಬಂದರೆ ಕೊರತೆ ಎನ್ನುತ್ತಾರೆ. ಎಕರೆಯ ಲೆಕ್ಕಕ್ಕೆ ತಂದರೆ ಇದು ನಾಲ್ಕು ಕೆಜಿಯೂ ಆಗದು. ಬ್ಯಾಂಕಿನಲ್ಲಿ ಕೋಟಿ ಠೇವಣಿ ಇದ್ದು ಜೇಬಿನಲ್ಲಿ ಚಹಾಕ್ಕೆ ಕಾಸಿಲ್ಲದವನ ಸ್ಥಿತಿ ನಮ್ಮ ಬಳ್ಳಿಯದು.

2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿಯಲ್ಲಿ ಕಬ್ಬಿಣಕ್ಕೂ ಒಂದು ಸಾಲು ಇದೆ. ಆ ಸಾಲಿನಲ್ಲಿ ಬರುವುದು ಬೇರಿಗೆ ಸಿಗಬಹುದಾದ ಕಬ್ಬಿಣವೇ ಹೊರತು ಒಟ್ಟು ಕಬ್ಬಿಣವಲ್ಲ. ಅಂದರೆ ಮಣ್ಣಿನ ವಿಚಾರದಲ್ಲಿ ರೂಪದ ಪ್ರಶ್ನೆಯನ್ನು ಸರ್ಕಾರಿ ಚೀಟಿಯೂ ಒಪ್ಪಿಕೊಂಡಾಗಿದೆ. ಎಲೆಯ ವಿಚಾರಕ್ಕೆ ಬಂದರೆ ಮಾತ್ರ ಆ ಎಚ್ಚರ ತಪ್ಪುತ್ತದೆ. ದ್ರಾಕ್ಷಿ ಬೆಳೆಗಾರರು ಚಾಟ್ನಿಯ ನಂತರ ಎಲೆಯ ತೊಟ್ಟು ಕಿತ್ತು ಪರೀಕ್ಷೆಗೆ ಕಳಿಸುವುದುಂಟು. ತೊಟ್ಟನ್ನು ಒಣಗಿಸಿ, ಪುಡಿ ಮಾಡಿ, ಆಮ್ಲದಲ್ಲಿ ಕುದಿಸಿ, ಒಳಗಿದ್ದ ಎಲ್ಲ ಕಬ್ಬಿಣವನ್ನೂ ಯಂತ್ರ ಎಣಿಸುತ್ತದೆ. ವರದಿಯಲ್ಲಿ ‘ಸಾಕಷ್ಟಿದೆ’ ಎಂದು ಬರುತ್ತದೆ. ಪಡಕ್ಕೆ ಹೋಗಿ ನೋಡಿದರೆ ಎಲೆ ಹಳದಿಯಾಗಿಯೇ ಇರುತ್ತದೆ.

ಇದು ಪ್ರಯೋಗಾಲಯದ ತಪ್ಪಲ್ಲ, ಪ್ರಶ್ನೆಯ ತಪ್ಪು. ಸುಣ್ಣದ ಮಣ್ಣಿನಲ್ಲಿ ಬೆಳೆದ ದ್ರಾಕ್ಷಿಯ ಹಳದಿ ಎಲೆಯಲ್ಲಿ ಕೆಲವೊಮ್ಮೆ ಹಸಿರೆಲೆಗಿಂತ ಹೆಚ್ಚು ಒಟ್ಟು ಕಬ್ಬಿಣ ಇರುತ್ತದೆ ಎಂಬುದು ಸಸ್ಯಪೋಷಣೆಯ ವಿಜ್ಞಾನಿಗಳಿಗೆ ಬಹಳ ದಿನಗಳಿಂದ ಗೊತ್ತಿರುವ ವಿಚಿತ್ರ. ಎಲೆಯೊಳಗೆ ಬಂದ ಕಬ್ಬಿಣವೂ ಕೆಲಸಕ್ಕೆ ಬಾರದ ರೂಪದಲ್ಲಿ ಸಿಕ್ಕಿಬಿದ್ದಿರುತ್ತದೆ. 1980ರಲ್ಲಿ ಜೆ. ಸಿ. ಕತ್ಯಾಲ್ ಮತ್ತು ಬಿ. ಡಿ. ಶರ್ಮಾ ಎಂಬ ಭಾರತೀಯ ವಿಜ್ಞಾನಿಗಳು ಇದಕ್ಕೊಂದು ಸರಳ ದಾರಿ ತೋರಿಸಿದರು. ಹಸಿ ಎಲೆಯನ್ನು ಸಣ್ಣಗೆ ಕತ್ತರಿಸಿ, ಪಿಎಚ್ 3ಕ್ಕೆ ಹೊಂದಿಸಿದ ಆರ್ಥೊ-ಫಿನಾಂತ್ರೊಲಿನ್ ದ್ರಾವಣದಲ್ಲಿ 16 ಗಂಟೆ ನೆನೆಹಾಕುವುದು, ಸೋಸಿ ಬಂದ ಕಿತ್ತಳೆ ಬಣ್ಣವನ್ನು ಅಳೆಯುವುದು. ಎಲೆಯಲ್ಲಿ ಫೆರಸ್ ರೂಪದಲ್ಲಿದ್ದು ಕೆಲಸ ಮಾಡುವ ಕಬ್ಬಿಣದ ಅಂದಾಜು ಹೀಗೆ ಸಿಗುತ್ತದೆ. ಹಸಿರೆಲೆಗೂ ಹಳದಿ ಎಲೆಗೂ ಇರುವ ವ್ಯತ್ಯಾಸ ಒಟ್ಟು ಕಬ್ಬಿಣದಲ್ಲಿ ಕಾಣದಿದ್ದರೂ ಇಲ್ಲಿ ಕಾಣುತ್ತದೆ. ಗಮನಿಸಬೇಕಾದದ್ದು, ಎಲೆ ಹಸಿಯಾಗಿರಬೇಕು. ಒಣಗಿಸಿದ ಎಲೆಯನ್ನು ಲಕೋಟೆಯಲ್ಲಿ ಹಾಕಿ ದೂರದ ಊರಿಗೆ ಕಳಿಸಿ ಈ ಪರೀಕ್ಷೆ ಮಾಡಿಸಲು ಬರುವುದಿಲ್ಲ.

ಈಗ ವೈನಿನ ಕಡೆ ತಿರುಗೋಣ. ತಿಕೋಟಾದ ದ್ರಾಕ್ಷಿಯ ಬಹುಪಾಲು ಹೋಗುವುದು ಒಣದ್ರಾಕ್ಷಿಗೆ. ಶೆಡ್ಡಿನ ಬಲೆಗಳ ಮೇಲೆ ಹರವಿದ ಗೊಂಚಲು ನೆರಳಿನಲ್ಲಿ ಒಣಗಿ ಮಣೂಕವಾಗಿ ವಿಜಯಪುರದ, ತಾಸಗಾಂವದ ಮಾರುಕಟ್ಟೆ ಸೇರುತ್ತದೆ. ಆದರೂ 2007ರ ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯನ್ನೂ ವೈನ್ ವಲಯವೆಂದು ಗುರುತಿಸಿದ್ದರಿಂದ ಈ ಮಾತು ನಮಗೆ ಹೊರಗಿನದಲ್ಲ. ಕುಡಿಯುವುದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಚರ್ಚೆ. ಹಣ್ಣಿನ ರಸದ ಒಳಗೆ ನಡೆಯುವ ರಸಾಯನವನ್ನು ಅರಿಯಲು ಆ ಚರ್ಚೆ ಮುಗಿಯುವವರೆಗೆ ಕಾಯಬೇಕಿಲ್ಲ.

ವೈನಿಗೆ ಕಬ್ಬಿಣ ಬರುವ ದಾರಿಗಳು ಹಲವು. ಬಳ್ಳಿ ಹೀರಿದ್ದು ಸ್ವಲ್ಪ. ಹಣ್ಣಿನ ಮೇಲೆ ಕೂತ ಮಣ್ಣಿನ ಧೂಳಿನಿಂದ ಇನ್ನಷ್ಟು. ಹಿಂದೆ ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದದ್ದು ಹಣ್ಣು ಹಿಂಡುವ ಯಂತ್ರ, ಪಂಪು, ನಲ್ಲಿ, ಕೊಳವೆಗಳಿಂದ. ವೈನಿನ ಪಿಎಚ್ ಮೂರೂವರೆಯ ಆಸುಪಾಸು, ಕಬ್ಬಿಣ ಕರಗಲು ಅಷ್ಟು ಹುಳಿ ಸಾಕು. ಸ್ಟೇನ್‌ಲೆಸ್ ಸ್ಟೀಲ್ ಬಂದ ಮೇಲೆ ಈ ತೊಂದರೆ ಬಹಳ ಇಳಿದಿದೆ. ಇಂದಿನ ವೈನುಗಳಲ್ಲಿ ಸಾಮಾನ್ಯವಾಗಿ ಲೀಟರಿಗೆ ಕೆಲವೇ ಮಿಲಿಗ್ರಾಂ ಇರುತ್ತದೆ. ಹಾಗೆಂದು ಸಣ್ಣ ಘಟಕವೊಂದರಲ್ಲಿ ಬಣ್ಣ ಕಿತ್ತುಹೋದ ಒಂದು ನಲ್ಲಿ, ತುಕ್ಕು ಹಿಡಿದ ಒಂದು ಬೋಲ್ಟು ಇಡೀ ತೊಟ್ಟಿಯ ಲೆಕ್ಕ ತಪ್ಪಿಸಬಲ್ಲದು.

ಇಲ್ಲಿಯೂ ರೂಪದ್ದೇ ಆಟ. ಗಾಳಿ ತಾಗದೆ ಮುಚ್ಚಿಟ್ಟ ವೈನಿನಲ್ಲಿ ಕಬ್ಬಿಣ ಹೆಚ್ಚಾಗಿ ಫೆರಸ್ ರೂಪದಲ್ಲಿ ಕರಗಿ ತೆಪ್ಪಗಿರುತ್ತದೆ. ಸೋಸುವಾಗಲೋ ಬಾಟಲಿಗೆ ತುಂಬುವಾಗಲೋ ಗಾಳಿ ತಾಗಿತೆಂದರೆ ಆಮ್ಲಜನಕ ಸೇರಿ ಅದು ಫೆರಿಕ್ ಆಗುತ್ತದೆ. ಬಿಳಿ ವೈನಿನಲ್ಲಿ ಫೆರಿಕ್ ಕಬ್ಬಿಣ ಫಾಸ್ಫೇಟಿನ ಜೊತೆ ಸೇರಿ ಹಾಲುಬಿಳಿ ಮಬ್ಬು ಕಟ್ಟುತ್ತದೆ. ಕೆಂಪು ವೈನಿನಲ್ಲಿ ಒಗರಿನ ಟ್ಯಾನಿನ್ ಜೊತೆ ಸೇರಿ ನೀಲಿಗಪ್ಪು ಬಣ್ಣ ಕೊಡುತ್ತದೆ. ಈ ಎರಡನೆಯದು ನಮ್ಮ ಹಿರಿಯರಿಗೆ ಅಪರಿಚಿತವಾಗಿರಲಿಲ್ಲ. ಅನ್ನಭೇದಿಯನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸಿ ಕಪ್ಪು ಮಸಿ ಮಾಡುತ್ತಿದ್ದರು, ಬಟ್ಟೆಗೆ ಕಪ್ಪು ಬಣ್ಣ ಕಟ್ಟುತ್ತಿದ್ದರು. ಅನ್ನಭೇದಿಯೆಂದರೆ ಫೆರಸ್ ಸಲ್ಫೇಟ್, ಅಳಲೆಕಾಯಿಯಲ್ಲಿರುವುದು ಟ್ಯಾನಿನ್. ಪಡಕ್ಕೆ ಹಾಕುವ ಗೊಬ್ಬರವೂ ಅದೇ, ಮಸಿಯ ಮೂಲವೂ ಅದೇ. ಕಬ್ಬಿಣ ಹೆಚ್ಚಾದ ಕೆಂಪು ವೈನ್ ಗಾಳಿ ತಾಗಿ ಕಪ್ಪಾಗುವುದೆಂದರೆ ಬಾಟಲಿಯೊಳಗೆ ತೆಳುವಾದ ಮಸಿ ತಯಾರಾದಂತೆಯೇ.

ಮಬ್ಬು ಕಾಣಿಸದಿದ್ದರೂ ಕಬ್ಬಿಣ ಸುಮ್ಮನೆ ಕೂತಿರುವುದಿಲ್ಲ. ಆಮ್ಲಜನಕದಿಂದ ಫೆರಿಕ್ ಆದ ಕಬ್ಬಿಣ ವೈನಿನ ಪಾಲಿಫಿನಾಲುಗಳನ್ನು ಉತ್ಕರ್ಷಿಸಿ ತಾನು ಮತ್ತೆ ಫೆರಸ್ ಆಗುತ್ತದೆ, ಮತ್ತೆ ಆಮ್ಲಜನಕ ಹಿಡಿಯುತ್ತದೆ. ಲೀಟರಿಗೆ ನಾಲ್ಕೈದು ಮಿಲಿಗ್ರಾಂ ಕಬ್ಬಿಣ ಹೀಗೆ ಸುತ್ತು ಹಾಕುತ್ತಾ ತನ್ನ ತೂಕಕ್ಕೆ ಮೀರಿದ ಕೆಲಸ ಮಾಡುತ್ತದೆ. ತಾಮ್ರ ಇದ್ದರೆ ವೇಗ ಇನ್ನೂ ಹೆಚ್ಚು. ಬೂಜು ರೋಗಕ್ಕೆ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ ಮತ್ತು ಸುಣ್ಣ, ಹೊಡೆಯುವ ಪಡಗಳ ಹಣ್ಣಿನಲ್ಲಿ ತಾಮ್ರದ ಮಾತೂ ಬಂದೇ ಬರುತ್ತದೆ. ಆದ್ದರಿಂದ ವೈನ್ ಮಾಡುವವನಿಗೆ ಬೇಕಾದದ್ದು ಎರಡು ಅಂಕಿ: ಒಟ್ಟು ಕಬ್ಬಿಣ ಎಷ್ಟು, ಅದರಲ್ಲಿ ಫೆರಸ್ ಎಷ್ಟು, ಫೆರಿಕ್ ಎಷ್ಟು ಎಂಬ ಪಾಲು.

ಅಳೆಯುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ವಾದದ ಬಲ ಇರುವುದು ಅಲ್ಲಿಯೇ. ಪಿಯುಸಿ ವಿಜ್ಞಾನ ಓದಿದವರಿಗೆ ಫೆರಿಕ್ ಲವಣಕ್ಕೆ ಥಯೊಸಯನೇಟ್ ಹನಿಸಿದಾಗ ಬರುವ ರಕ್ತಗೆಂಪು ನೆನಪಿರುತ್ತದೆ. ವೈನಿನ ಕಬ್ಬಿಣಕ್ಕೂ ಆ ವಿಧಾನ ಬಳಕೆಯಲ್ಲಿತ್ತು, ಈಗಲೂ ಇದೆ. ಆದರೆ ಆ ಕೆಂಪು ನಿಲ್ಲುವುದಿಲ್ಲ, ಹೊತ್ತು ಹೋದಂತೆ ಮಾಸುತ್ತದೆ. ವೈನಿನ ಟಾರ್ಟಾರಿಕ್ ಆಮ್ಲ ಮತ್ತು ಫಾಸ್ಫೇಟ್ ಕಬ್ಬಿಣವನ್ನು ತಮ್ಮ ಕಡೆ ಎಳೆದು ಬಣ್ಣ ತಗ್ಗಿಸುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಫ್ರಿಟ್ಸ್ ಬ್ಲೌ ಗುರುತಿಸಿದ ಆರ್ಥೊ-ಫಿನಾಂತ್ರೊಲಿನ್ ಇದಕ್ಕಿಂತ ನಂಬಿಕಸ್ಥ. ಅದು ಫೆರಸ್ ಕಬ್ಬಿಣವನ್ನು ಹಿಡಿದು ಕಿತ್ತಳೆಗೆಂಪು ಬಣ್ಣ ಕೊಡುತ್ತದೆ. ಆ ಬಣ್ಣ ದಿನಗಟ್ಟಲೆ ನಿಲ್ಲುತ್ತದೆ. ವೈನ್ ಮತ್ತು ದ್ರಾಕ್ಷಿಯ ಅಂತರರಾಷ್ಟ್ರೀಯ ಸಂಸ್ಥೆಯಾದ ಓಐವಿ ತನ್ನ ವಿಧಾನಗಳ ಸಂಗ್ರಹದಲ್ಲಿ ಕಬ್ಬಿಣಕ್ಕೆ ಅಟಾಮಿಕ್ ಅಬ್ಸಾರ್ಪ್ಶನ್ ಯಂತ್ರದ ಜೊತೆಗೆ ಈ ಬಣ್ಣದ ವಿಧಾನಕ್ಕೂ ಜಾಗ ಕೊಟ್ಟಿದೆ.

ಬಿಳಿ ವೈನ್ 5 ಮಿ.ಲೀ. ತೆಗೆದು 25 ಮಿ.ಲೀ. ಫ್ಲಾಸ್ಕಿಗೆ ಹಾಕಿ. ಫೆರಿಕ್ ಇದ್ದದ್ದೆಲ್ಲ ಫೆರಸ್ ಆಗಲೆಂದು ಹೈಡ್ರಾಕ್ಸಿಲಮೈನ್ ಹಾಕುವುದು ಪದ್ಧತಿ. ಅದು ವಿಷಕಾರಿ, ವಿದ್ಯಾರ್ಥಿಗಳ ಕೈಗೆ ವಿಟಮಿನ್ ಸಿ, ಅಂದರೆ ಆಸ್ಕಾರ್ಬಿಕ್ ಆಮ್ಲ ಕೊಟ್ಟರೂ ಕೆಲಸ ನಡೆಯುತ್ತದೆ. ಅಸಿಟೇಟ್ ಬಫರ್ ಹಾಕಿ ಹುಳಿಯನ್ನು ಹದಕ್ಕೆ ತಂದು, ಫಿನಾಂತ್ರೊಲಿನ್ ಸೇರಿಸಿ, ಗುರುತಿನವರೆಗೆ ನೀರು ತುಂಬಿ, ಕಾಲು ಗಂಟೆ ಬಿಡಬೇಕು. ನಸು ಹಳದಿ ಇದ್ದದ್ದು ಕಿತ್ತಳೆಗೆ ಬರುತ್ತದೆ. 510 ನ್ಯಾನೋಮೀಟರ್ ಆಸುಪಾಸಿನ ಹಸಿರು ಬೆಳಕನ್ನು ಈ ಕಿತ್ತಳೆ ನುಂಗುತ್ತದೆ. ನುಂಗಿದ ಪ್ರಮಾಣ ಕಬ್ಬಿಣದ ಪ್ರಮಾಣಕ್ಕೆ ನೇರ ಹೊಂದಿಕೊಂಡಿರುತ್ತದೆ. ಒಂದು ಸೆಂಟಿಮೀಟರ್ ಅಗಲದ ಕುವೆಟ್ಟಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಕಬ್ಬಿಣ ಸುಮಾರು 0.2 ಅಂಕಿ ತೋರಿಸುತ್ತದೆ. ವೈನಿನಲ್ಲಿ 4 ಮಿಲಿಗ್ರಾಂ ಇದ್ದರೆ ಐದು ಪಟ್ಟು ತೆಳುವಾಗಿ 0.8 ಆಗುತ್ತದೆ, ಕಲರಿಮೀಟರಿನಲ್ಲಿ 0.16 ಬರುತ್ತದೆ. ಸಾಮಾನ್ಯ ಉಪಕರಣಕ್ಕೂ ಓದಲು ಬರುವ ಅಂಕಿ ಇದು.

ಹೋಲಿಕೆಗೆ ಬೇಕಾದ ಪ್ರಮಾಣ ದ್ರಾವಣವೂ ಕೈಗೆಟಕುವಂಥದ್ದೇ. ಪಿಯುಸಿಯಲ್ಲಿ ಪರ್ಮ್ಯಾಂಗನೇಟ್ ಜೊತೆ ಟೈಟ್ರೇಶನ್ ಮಾಡುವ ಮೋರ್ಸ್ ಸಾಲ್ಟ್, ಅಂದರೆ ಫೆರಸ್ ಅಮೋನಿಯಂ ಸಲ್ಫೇಟ್. ಅದನ್ನು 0.7022 ಗ್ರಾಂ ತೂಗಿ, ಸ್ವಲ್ಪ ಆಮ್ಲ ಸೇರಿಸಿ, ಒಂದು ಲೀಟರ್ ಮಾಡಿದರೆ ಲೀಟರಿಗೆ ಸರಿಯಾಗಿ 100 ಮಿಲಿಗ್ರಾಂ ಕಬ್ಬಿಣದ ದ್ರಾವಣ ಸಿದ್ಧ. ಅದರಿಂದ ಅರ್ಧ, ಒಂದು, ಎರಡು, ಮೂರು ಮಿಲಿಗ್ರಾಮಿನ ಸಾಲು ಮಾಡಿಕೊಂಡರೆ ಗ್ರಾಫಿನ ಮೇಲೆ ನೇರ ಗೆರೆ ಬೀಳಬೇಕು. ಗೆರೆ ಸೊಟ್ಟಗಾದರೆ ಪಿಪೆಟ್ ಹಿಡಿದ ಕೈಯಲ್ಲೋ ತೊಳೆದ ಗಾಜಿನಲ್ಲೋ ಕಾರಣ ಹುಡುಕಬೇಕು. ವಿಜಯಪುರದ ಧೂಳಿನಲ್ಲಿ, ತುಕ್ಕಿನ ನಲ್ಲಿ ನೀರಿನಲ್ಲಿ ಗಾಜು ತೊಳೆದು ಕಬ್ಬಿಣ ಅಳೆಯಹೊರಟರೆ ಮೊದಲು ಅಳತೆಗೆ ಸಿಗುವುದು ನಲ್ಲಿಯ ಕಬ್ಬಿಣವೇ. ತೆಳು ಆಮ್ಲದಲ್ಲಿ ಅದ್ದಿ, ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದ ಗಾಜು ಇಲ್ಲದೆ ಈ ಕೆಲಸ ಶುರುವೇ ಆಗದು.

ಕೆಂಪು ವೈನ್ ಇಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಅದರ ಸ್ವಂತ ಬಣ್ಣದ ಆಂಥೊಸಯನಿನ್ ಬೆಳಕು ನುಂಗುವುದು 520ರ ಹತ್ತಿರ, ನಮ್ಮ ಕಿತ್ತಳೆಯ ಮಗ್ಗುಲಲ್ಲೇ. ಯಂತ್ರಕ್ಕೆ ಯಾವ ಬಣ್ಣ ಯಾರದ್ದೆಂದು ಗೊತ್ತಾಗದು. ದಾರಿ ಎರಡು. ಫಿನಾಂತ್ರೊಲಿನ್ ಒಂದನ್ನು ಬಿಟ್ಟು ಉಳಿದೆಲ್ಲ ಹಾಕಿದ ಅದೇ ವೈನನ್ನು ಬ್ಲ್ಯಾಂಕ್ ಆಗಿ ಇಟ್ಟು ಅದರ ಅಂಕಿಯನ್ನು ಕಳೆಯುವುದು ಒಂದು. ಓಐವಿ ಹೇಳುವಂತೆ ಹೈಡ್ರೊಜನ್ ಪೆರಾಕ್ಸೈಡ್ ಹಾಕಿ ಕಾಯಿಸಿ, ಬಣ್ಣ ಮತ್ತು ಟ್ಯಾನಿನ್ನುಗಳನ್ನು ಪೂರ್ತಿ ಸುಟ್ಟು, ನಂತರ ಅಳೆಯುವುದು ಇನ್ನೊಂದು. ಎರಡನೆಯದು ಹೆಚ್ಚು ನಂಬಿಕೆಗೆ ಅರ್ಹ. ಆದರೆ ಸುಟ್ಟ ಮೇಲೆ ಫೆರಸ್ ಯಾವುದಿತ್ತು, ಫೆರಿಕ್ ಯಾವುದಿತ್ತು ಎಂಬ ಗುರುತು ಅಳಿಸಿಹೋಗುತ್ತದೆ. ಸಿಗುವುದು ಮತ್ತೆ ಒಟ್ಟು ಅಂಕಿಯೇ.

ರೂಪ ಬೇಕೆಂದರೆ ಸುಡದೆ, ಆಸ್ಕಾರ್ಬಿಕ್ ಆಮ್ಲವನ್ನೂ ಹಾಕದೆ, ಬಾಟಲಿ ತೆರೆದ ಕೂಡಲೇ ಫಿನಾಂತ್ರೊಲಿನ್ ಬೆರೆಸಿ ಬೇಗ ಓದಬೇಕು. ಆಗ ಬರುವುದು ಫೆರಸ್. ಅದನ್ನು ಒಟ್ಟಿನಿಂದ ಕಳೆದರೆ ಫೆರಿಕ್. ತಡ ಮಾಡಿದರೆ ವೈನಿನ ಪಾಲಿಫಿನಾಲುಗಳೇ ಫೆರಿಕ್ಕನ್ನು ಫೆರಸ್ ಮಾಡಿ ಫಿನಾಂತ್ರೊಲಿನ್ ಕೈಗೆ ಒಪ್ಪಿಸುತ್ತಾ ಹೋಗುತ್ತವೆ, ಅಂಕಿ ಏರುತ್ತಲೇ ಇರುತ್ತದೆ. ಬಾಟಲಿಯನ್ನು ಮೊದಲೇ ತೆರೆದಿಟ್ಟರೆ ಗಾಳಿಯಿಂದ ಉಲ್ಟಾ ಆಗುತ್ತದೆ. ಹೀಗಾಗಿ ಈ ಅಳತೆ ಕೊರಿಯರ್ ಡಬ್ಬಿಯಲ್ಲಿ ಪ್ರಯಾಣ ಮಾಡದು. ಹಸಿ ಎಲೆಗೂ ತೆರೆದ ವೈನಿಗೂ ಒಂದೇ ನಿಯಮ: ಕಬ್ಬಿಣದ ಒಟ್ಟು ಮೊತ್ತ ಎಷ್ಟು ದೂರ ಕಳಿಸಿದರೂ ಬದಲಾಗದು, ಅದರ ರೂಪ ಮಾತ್ರ ದಾರಿಯಲ್ಲೇ ಬದಲಾಗುತ್ತದೆ.

ಇಲ್ಲಿಗೆ ವಿರೋಧದ ಮಾತು ಕೇಳಬೇಕು. ಮೊದಲನೆಯದು ನಿಖರತೆಯದು. ಅಟಾಮಿಕ್ ಅಬ್ಸಾರ್ಪ್ಶನ್ ಯಂತ್ರದ ಮುಂದೆ ಕಾಲೇಜಿನ ಕಲರಿಮೀಟರ್ ಎಲ್ಲಿ ನಿಂತೀತು ಎನ್ನುತ್ತಾರೆ. ಒಟ್ಟು ಕಬ್ಬಿಣದ ಲೆಕ್ಕದಲ್ಲಿ, ಅದರಲ್ಲೂ ಕೆಂಪು ವೈನಿನಲ್ಲಿ, ಯಂತ್ರವೇ ಮೇಲು ಎಂದು ಒಪ್ಪೋಣ. ಆದರೆ ಮಾಡಬೇಕಾದ ನಿರ್ಧಾರ ಎಷ್ಟು ನಿಖರತೆ ಕೇಳುತ್ತದೆ? ವೈನಿನಲ್ಲಿ 3 ಮಿಲಿಗ್ರಾಂ ಇದೆಯೋ 3.2 ಇದೆಯೋ ಎಂಬುದರಿಂದ ತೊಟ್ಟಿಯವನ ಕೆಲಸ ಬದಲಾಗದು. 3 ಇದೆಯೋ 11 ಇದೆಯೋ ಎಂಬುದರಿಂದ ಬದಲಾಗುತ್ತದೆ. ಆ ವ್ಯತ್ಯಾಸ ಕಾಣಲು ಕಲರಿಮೀಟರ್ ಸಾಕು, ಪ್ರಮಾಣ ದ್ರಾವಣಗಳ ಸಾಲಿನ ಪಕ್ಕ ಹಿಡಿದು ನೋಡಿದ ಬರಿಗಣ್ಣೂ ಮೋಸ ಹೋಗದು. ಹಲವು ಲಕ್ಷದ ಯಂತ್ರವೂ ಉರಿಯಲು ಅಸಿಟಿಲಿನ್ ಗ್ಯಾಸ್ ಬೇಡುತ್ತದೆ, ಹೋಲಿಸಲು ಪ್ರಮಾಣ ದ್ರಾವಣ ಬೇಡುತ್ತದೆ. ತಪ್ಪು ದ್ರಾವಣ ಕೊಟ್ಟರೆ ಅದು ನಾಲ್ಕು ದಶಮಾಂಶದವರೆಗೆ ತಪ್ಪು ಉತ್ತರ ಕೊಡುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಸರಳ ವಿಧಾನವೆಂದರೆ ಅಸಡ್ಡೆಗೆ ದಾರಿ, ಯಾರು ಬೇಕಾದರೂ ಏನೋ ಒಂದು ಅಂಕಿ ಬರೆದುಕೊಟ್ಟಾರು ಎಂಬುದು. ಇದರಲ್ಲಿ ಹುರುಳಿದೆ. ಬಣ್ಣದ ವಿಧಾನ ತನ್ನ ತಪ್ಪನ್ನು ತಾನೇ ಕೂಗಿ ಹೇಳುವುದಿಲ್ಲ, ತಪ್ಪು ಹಿಡಿಯುವ ಕ್ರಮವನ್ನು ನಾವೇ ಇಟ್ಟುಕೊಳ್ಳಬೇಕು. ಆ ಕ್ರಮವೂ ಕಷ್ಟದ್ದಲ್ಲ. ಒಂದು ವೈನಿನಲ್ಲಿ 3 ಮಿಲಿಗ್ರಾಂ ಬಂತು ಎನ್ನಿ. ಅದೇ ವೈನಿನ ಇನ್ನೊಂದು ಪಾಲಿಗೆ ಗೊತ್ತಿದ್ದೇ ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣ ಸೇರಿಸಿ ಮತ್ತೆ ಅಳೆಯಬೇಕು. 5 ಬಂದರೆ ವಿಧಾನ ಸರಿಯಾಗಿ ನಡೆಯುತ್ತಿದೆ. 4.2 ಬಂದರೆ ಹಾಕಿದ 2ರಲ್ಲಿ 1.2 ಮಾತ್ರ ಕಂಡಿತು, ಉಳಿದದ್ದನ್ನು ಟಾರ್ಟಾರಿಕ್ ಆಮ್ಲವೋ ಟ್ಯಾನಿನ್ನೋ ಬಚ್ಚಿಟ್ಟುಕೊಂಡಿದೆ. ಹಾಗಾದರೆ ಮೊದಲು ಬಂದ 3 ಕೂಡ ಪೂರ್ತಿ ನಿಜವಲ್ಲ. ಇಂಥ ಮರುಪರೀಕ್ಷೆಯ ಅಂಕಿ ಇಲ್ಲದ ವರದಿಯನ್ನು, ಅದು ಯಾವ ದೊಡ್ಡ ಯಂತ್ರದಿಂದಲೇ ಬಂದಿರಲಿ, ನಂಬುವ ಮೊದಲು ಪ್ರಶ್ನೆ ಕೇಳಬೇಕು. ಅಳತೆಯ ಬೆಲೆ ಯಂತ್ರದ ಬೆಲೆಯಿಂದ ಬರುವುದಿಲ್ಲ, ಬ್ಲ್ಯಾಂಕು, ಪ್ರಮಾಣದ ಗೆರೆ, ಮರುಪರೀಕ್ಷೆ ಈ ಮೂರರಿಂದ ಬರುತ್ತದೆ.

ಮೂರನೆಯದು ಕಾನೂನಿನ ಮಾತು. ವೈನ್ ಮಾರಲು, ಹಣ್ಣು ರಫ್ತು ಮಾಡಲು ಮಾನ್ಯತೆ ಪಡೆದ ಪ್ರಯೋಗಾಲಯದ ಪತ್ರ ಬೇಕು. ಮದ್ಯಪಾನೀಯಗಳಿಗೆಂದೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರಲ್ಲಿ ಮಾನದಂಡಗಳನ್ನು ತಂದಿದೆ. ಕಾಲೇಜಿನ ಕಲರಿಮೀಟರ್ ಆ ಪತ್ರ ಕೊಡಲಾರದು, ಕೊಡಲೂಬಾರದು. ಆದರೆ ಪತ್ರ ಬೇಕಾಗುವುದು ಸರಕು ಸಿದ್ಧವಾದ ಮೇಲೆ. ಸರಕು ಕೆಡದಂತೆ ನೋಡಿಕೊಳ್ಳುವುದು ಅದಕ್ಕೆ ಮೊದಲಿನ ಕೆಲಸ. ಆರೋಗ್ಯ ಇಲಾಖೆ ಈ ಭೇದವನ್ನು ಬಹಳ ಹಿಂದೆಯೇ ಒಪ್ಪಿಕೊಂಡಿದೆ. ಗರ್ಭಿಣಿಯ ಬೆರಳು ಚುಚ್ಚಿ ತೆಗೆದ ರಕ್ತವನ್ನು ಆಮ್ಲದಲ್ಲಿ ಕಂದು ಮಾಡಿ, ಗಾಜಿನ ಪಟ್ಟಿಯ ಬಣ್ಣಕ್ಕೆ ಸರಿಹೊಂದಿಸಿ ಹಿಮೋಗ್ಲೋಬಿನ್ ಹೇಳುವ ಸಾಹ್ಲಿ ವಿಧಾನ ದಶಕಗಳ ಕಾಲ ಹಳ್ಳಿಯ ಆಸ್ಪತ್ರೆಗಳಲ್ಲಿ ನಡೆಯಿತು. ಅದಕ್ಕಿಂತ ನಿಖರವಾದ ಸಯನ್‌ಮೆಟ್‌ಹಿಮೋಗ್ಲೋಬಿನ್ ವಿಧಾನವೂ 540 ನ್ಯಾನೋಮೀಟರಿನಲ್ಲಿ ಬಣ್ಣ ಓದುವುದೇ. ತಾಯಿಯ ರಕ್ತಕ್ಕೆ ಸಾಕಾದ ಬಣ್ಣದ ಲೆಕ್ಕ ದ್ರಾಕ್ಷಿ ಎಲೆಗೆ ಸಾಲದು ಎಂದರೆ ಕೇಳಲು ವಿಚಿತ್ರ.

ಇನ್ನು ಈ ಅಂಕಿಗಳಿಂದ ಏನಾಗುತ್ತದೆ ಎಂಬುದು. ಅಂಕಿ ಮದ್ದಿನ ಪ್ರಮಾಣವನ್ನು ನಿರ್ಧರಿಸುತ್ತದೆ, ಮದ್ದು ತಪ್ಪಿದರೆ ಅಪಾಯವಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜರ್ಮನಿಯ ವೈನರಿಗಳು ಹೆಚ್ಚಿನ ಕಬ್ಬಿಣ ತೆಗೆಯಲು ಪೊಟ್ಯಾಸಿಯಂ ಫೆರೊಸಯನೈಡ್ ಹಾಕುವ ಪದ್ಧತಿ ತಂದವು. ಕಬ್ಬಿಣ ನೀಲಿ ಗಸಿಯಾಗಿ ತಳಕ್ಕೆ ಇಳಿಯುತ್ತದೆ. ಮದ್ದು ಕಬ್ಬಿಣಕ್ಕಿಂತ ಹೆಚ್ಚಾದರೆ ಉಳಿದದ್ದು ಹುಳಿಯ ವೈನಿನಲ್ಲಿ ನಿಧಾನವಾಗಿ ಒಡೆದು ಸಯನೈಡ್ ಬಿಡುವ ಭಯವಿದೆ. ಆದ್ದರಿಂದ ಮೊದಲು ಅಳೆದು, ಸಣ್ಣ ಪಾಲಿನಲ್ಲಿ ಪ್ರಯೋಗಿಸಿ ನೋಡಿ, ಬೇಕಾದ್ದಕ್ಕಿಂತ ಸ್ವಲ್ಪ ಕಡಿಮೆಯೇ ಹಾಕುವುದು ಅಲ್ಲಿನ ಕಟ್ಟುನಿಟ್ಟು. ಅಳೆಯದೆ ಹಾಕುವವನಿಗೆ ಈ ಮದ್ದನ್ನು ಮುಟ್ಟುವ ಹಕ್ಕಿಲ್ಲ.

ನಮ್ಮ ಪಡಗಳಲ್ಲಿ ತಪ್ಪು ಮದ್ದಿನಿಂದ ಪ್ರಾಣಕ್ಕೆ ಕುತ್ತು ಬರುವುದಿಲ್ಲ, ಹಣ ಹೋಗುತ್ತದೆ. ಸುಣ್ಣದ ಎರಿಗೆ ಚೆಲ್ಲಿದ ಫೆರಸ್ ಸಲ್ಫೇಟ್ ಕೆಲವೇ ದಿನಗಳಲ್ಲಿ ಫೆರಿಕ್ ಆಗಿ ಆ ನಲವತ್ತು ಟನ್ನಿನ ಜೊತೆ ಸೇರಿಬಿಡುತ್ತದೆ. ಅದಕ್ಕೇ ಎಲೆಯ ಮೇಲೆ ಸಿಂಪಡಿಸುವುದು ಒಳ್ಳೆಯದೆನ್ನುತ್ತಾರೆ. ಚಿಲೇಟ್ ಎಂದು ಮಾರುವ ಕಬ್ಬಿಣದಲ್ಲೂ ಭೇದವಿದೆ. ಇಡಿಟಿಎ ಹಿಡಿದ ಕಬ್ಬಿಣ ಪಿಎಚ್ ಆರೂವರೆ ದಾಟಿದರೆ ಮಣ್ಣಿನಲ್ಲಿ ಕೈಬಿಡುತ್ತದೆ. ಇಡಿಡಿಎಚ್‌ಎ ಹಿಡಿದದ್ದು ಒಂಬತ್ತರವರೆಗೂ ಗಟ್ಟಿಯಾಗಿ ನಿಲ್ಲುತ್ತದೆ, ಅದರ ಬೆಲೆಯೂ ಹೆಚ್ಚು. ಯಾವುದನ್ನು ಕೊಳ್ಳಬೇಕು, ಕೊಂಡದ್ದು ಎಲೆಯೊಳಗೆ ಕೆಲಸ ಮಾಡಿತೇ ಎಂದು ತಿಳಿಯಲು ಅಂಗಡಿಯವನ ಮಾತೊಂದೇ ಆಧಾರವಾಗಬಾರದು. ಸಿಂಪಡಣೆಗೆ ಮೊದಲು ಒಮ್ಮೆ, ವಾರದ ಬಳಿಕ ಒಮ್ಮೆ ಹಸಿ ಎಲೆಯ ಫೆರಸ್ ನೋಡಿದರೆ ಉತ್ತರ ಸಿಗುತ್ತದೆ. ಸಿಂಪಡಿಸಿದ ಕಬ್ಬಿಣ ಎಲೆಯ ಮೈಗೆ ಅಂಟಿಕೊಂಡೂ ಅಂಕಿ ಏರಿಸುವುದರಿಂದ ಮೊದಲು ಎಲೆಯನ್ನು ತೆಳು ಆಮ್ಲದ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು. ತುಬಚಿ–ಬಬಲೇಶ್ವರ ಏತ ನೀರಾವರಿಯ ಕೃಷ್ಣೆಯ ನೀರು ಬಂದ ಕಡೆ ಬೋರ್‌ವೆಲ್ಲಿನ ಬೈಕಾರ್ಬನೇಟಿನ ಪಾಲು ಇಳಿದಿರಲೂಬಹುದು. ನೀರು ಬದಲಾದ ಪಡಕ್ಕೆ ಹಳೆಯ ಮದ್ದನ್ನೇ ಮುಂದುವರಿಸಬೇಕೇ ಎಂಬುದನ್ನೂ ಅಳೆದೇ ತೀರ್ಮಾನಿಸಬೇಕು.

ಇದನ್ನೆಲ್ಲ ಯಾರು ಮಾಡಬೇಕು? ಹೊಸ ಕಟ್ಟಡ, ಹೊಸ ಯೋಜನೆ, ಹೊಸ ಮಂಡಳಿ ಯಾವುದೂ ಬೇಡ. ಹಿಟ್ನಳ್ಳಿಯಲ್ಲಿ ಕೃಷಿ ಮಹಾವಿದ್ಯಾಲಯವಿದೆ, ತಿಡಗುಂದಿಯಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ, ನಗರದಲ್ಲಿ ವಿಜ್ಞಾನ ಕಾಲೇಜುಗಳಿವೆ, ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಬಿಎಸ್ಸಿ ವಿದ್ಯಾರ್ಥಿಗಳು ಪ್ರತಿವರ್ಷ ಫಿನಾಂತ್ರೊಲಿನ್ ಪ್ರಯೋಗವನ್ನು ಬಾಟಲಿಯಲ್ಲಿ ತಂದ ಲವಣದ ಮೇಲೆ ಮಾಡಿ, ಉತ್ತರ ಗೊತ್ತಿರುವ ಲೆಕ್ಕವನ್ನೇ ಮತ್ತೆ ಬಿಡಿಸಿ ರೆಕಾರ್ಡ್ ಬರೆಯುತ್ತಾರೆ. ಅದೇ ಪ್ರಯೋಗಕ್ಕೆ ತಿಕೋಟಾದ ಹಸಿ ಎಲೆ, ಬಬಲೇಶ್ವರದ ಬೋರ್‌ವೆಲ್ ನೀರು, ಸಿಕ್ಕರೆ ಕೃಷ್ಣಾ ಕಣಿವೆಯ ವೈನ್ ತಂದಿಟ್ಟರೆ ಉತ್ತರ ಮೊದಲೇ ಗೊತ್ತಿರುವುದಿಲ್ಲ. ಕೆಂಪು ವೈನಿನ ಬಣ್ಣ ಅಡ್ಡ ಬಂದಾಗ ಬ್ಲ್ಯಾಂಕ್ ಏಕೆ ಬೇಕೆಂದು ಪುಸ್ತಕ ಹೇಳಿಕೊಡಬೇಕಾಗಿಲ್ಲ. ಚಾಟ್ನಿಯ ಕ್ಯಾಲೆಂಡರ್‌ಗೆ ಪ್ರಾಕ್ಟಿಕಲ್ ವೇಳಾಪಟ್ಟಿಯನ್ನು ಹೊಂದಿಸಿದರೆ ಸಾಕು: ಏಪ್ರಿಲ್ ಚಾಟ್ನಿಯ ನಂತರ ಸುಮಾರು 45ನೆಯ ದಿನಕ್ಕೆ ಒಮ್ಮೆ, ಅಕ್ಟೋಬರ್ ಚಾಟ್ನಿಯ ನಂತರ ಹೂ ಬಿಡುವ ಹೊತ್ತಿಗೆ ಒಮ್ಮೆ.

ಬೆಳೆಗಾರರೂ ಒಂದು ರೂಢಿ ಬೆಳೆಸಿಕೊಳ್ಳಬೇಕು. ವರದಿ ಕೈಗೆ ಬಂದಾಗ ‘ಎಷ್ಟ್ ಬಂತ್ರಿ?’ ಎಂದು ಕೇಳಿ ಸುಮ್ಮನಾಗಬಾರದು. ಇದು ಒಟ್ಟು ಕಬ್ಬಿಣವೋ ಫೆರಸ್ಸೋ, ಎಲೆ ಹಸಿಯಿತ್ತೋ ಒಣಗಿತ್ತೋ, ಕಬ್ಬಿಣ ಸೇರಿಸಿ ಮರುಪರೀಕ್ಷೆ ಮಾಡಿದರೋ ಎಂಬ ಮೂರು ಪ್ರಶ್ನೆಗಳನ್ನೂ ಕೇಳಬೇಕು. ವೈನ್ ಮಾಡುವವರು ಕೇಳಬೇಕಾದದ್ದೂ ಇವೇ, ಎಲೆಯ ಬದಲು ಬಾಟಲಿ ಯಾವಾಗ ತೆರೆದರು ಎಂದು ಕೇಳಬೇಕು ಅಷ್ಟೇ. ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಪುಟ್ಟ ಪ್ರಯೋಗಾಲಯ ಇಪ್ಪತ್ತು ಕಿಲೋಮೀಟರಿನೊಳಗೆ ಇದ್ದರೆ, ಉತ್ತರ ಕೊಡಲಾರದ ದೊಡ್ಡ ಪ್ರಯೋಗಾಲಯ ಮುನ್ನೂರು ಕಿಲೋಮೀಟರ್ ಆಚೆ ಇರುವುದಕ್ಕಿಂತ ದ್ರಾಕ್ಷಿ ಸೀಮೆಗೆ ಅದೇ ಹೆಚ್ಚು ಉಪಯೋಗದ್ದು.